ಷಡ್ಡಕ ಸಾಕಿದ ಕ್ರಿಮಿಗಳು

ನನ್ನ ಷಡ್ಡಕನಷ್ಟು ಕೊಳಕು ಮನುಷ್ಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೊಬ್ಬನಿರಲಿಲ್ಲ. ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದ, ಒಗೆದು ಮಡಿಸಿದ ಪಂಚೆಯನ್ನೇ ಉಡುತ್ತಿದ್ದ, ಅದೆಲ್ಲ ನಿಜ. ಆದರೆ ಲೋಕದ ಕೀವು, ಕಫ, ಉಗುರಿನ ಸಂದಿಯ ಕೊಳೆ, ಕೊಳೆತ ಗಾಯ ಇವನ್ನೆಲ್ಲ ಕಂಡರೆ ಅವನ ಮುಖ ಅರಳುತ್ತಿದ್ದ ರೀತಿ ಇತ್ತಲ್ಲ, ಹೋಳಿಗೆ ಕಂಡರೂ ನಿಮ್ಮ ಮುಖ ಹಾಗೆ ಅರಳುವುದಿಲ್ಲ. ಯಾರಾದರೂ ಕೆಮ್ಮಿದರೆ ನಾವು ನೀವು ದೂರ ಸರಿಯುತ್ತೇವೆ. ಇವನು ಹತ್ತಿರ ಹೋಗಿ, "ಇನ್ನೊಂದ್ಸಲ ಕೆಮ್ಮಿ, ನೋಡೋಣ" ಎನ್ನುತ್ತಿದ್ದ.

ನನ್ನ ಹೆಂಡತಿಯ ತಂಗಿಯ ಗಂಡ. ಸಾಲದ್ದಕ್ಕೆ ಮಧುಗಿರಿಯ ಹೈಸ್ಕೂಲಿನಲ್ಲಿ ನಾನೂ ಅವನೂ ಇಬ್ಬರೂ ವಿಜ್ಞಾನದ ಮೇಷ್ಟ್ರು. ನಾನು ನಾಲ್ಕು ವರ್ಷ ಸೀನಿಯರ್. ವಿದ್ಯೆಯಲ್ಲೂ ಸೀನಿಯರ್, ತುಂಟತನದಲ್ಲಂತೂ ರಾಜ್ಯಕ್ಕೇ ಸೀನಿಯರ್. ತನಿಖೆಗೆ ಬಂದ ಇನ್ಸ್‌ಪೆಕ್ಟರ ಕಬ್ಬಿಣದ ಕುರ್ಚಿಗೆ ಬ್ಯಾಟರಿಗೆ ಜೋಡಿಸಿದ ಶಾಕ್ ಕಾಯಿಲಿನ ತಂತಿ ಕೊಟ್ಟು, ಅವರು ಎಗರಿ ಬಿದ್ದ ಮೇಲೆ, "ವಿದ್ಯುತ್ತಿನ ಪಾಠ ಪ್ರಯೋಗದೊಂದಿಗೆ ನಡೀತಿದೆ ಸಾರ್" ಎಂದು ಹೇಳಿ ಶಹಭಾಸ್ ಗಿಟ್ಟಿಸಿದವನು ನಾನು. ಈಗ ಎಂಬತ್ತು ದಾಟಿದೆ. ಆದರೂ ಆ ಕುರ್ಚಿ ನೆನೆದರೆ ಮೈ ಹಗುರಾಗುತ್ತದೆ.

ಅತ್ತೆಮನೆಯಲ್ಲೂ ನನ್ನದೇ ಮೊದಲ ಸ್ಥಾನ. ಹೊಳವನಹಳ್ಳಿ ಪಕ್ಕದ ಹಳ್ಳಿಯಲ್ಲಿ ನಮ್ಮ ಮಾವನವರು ಪಟೇಲರು. ಪಂಕ್ತಿಯಲ್ಲಿ ತುಪ್ಪ ಮೊದಲು ಹಿರಿಯಳಿಯನ ಎಲೆಗೆ, ಆಮೇಲೆ ಕಿರಿಯಳಿಯನ ಎಲೆಗೆ. ಇದು ಆ ಮನೆಯ ಶಾಸನ. ನನ್ನ ಜೀವನದ ಸುಖವೆಲ್ಲ ಆ ಒಂದು ಮಿಳ್ಳೆ ತುಪ್ಪದಲ್ಲಿತ್ತು. ಅದು ನನ್ನ ಕೈತಪ್ಪಿದ ಕಥೆಯೇ ಇದು.

ಅರವತ್ತರ ದಶಕದ ಕೊನೆಯ ಮಾತು. ಒಂದು ಸರ್ಕ್ಯುಲರ್ ಬಂತು. ಬೇಸಿಗೆ ರಜದಲ್ಲಿ ಆರು ವಾರ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನದ ಮೇಷ್ಟ್ರುಗಳು ವಿಜ್ಞಾನಿಗಳ ಜೊತೆಯಲ್ಲೇ ಕೂತು ಕೆಲಸ ಮಾಡಬೇಕು. ವಿಷಯ: ಔಷಧಿಗೆ ಸಾಯದ ರೋಗಾಣುಗಳು. ಒಂದು ಶಾಲೆಗೆ ಒಂದೇ ಸೀಟು. ಯಾಕೆ ಬರಬೇಕೆಂದಿದ್ದೀರಿ ಎಂದು ಬರೆದು ಕಳಿಸಬೇಕು.

ನಾನು ಮೂರು ಪುಟ ಬರೆದೆ. ನನ್ನ ಅನುಭವ, ನನ್ನ ಪಾಂಡಿತ್ಯ, ನನ್ನ ಬಳಿ ಕಲಿತು ದೊಡ್ಡವರಾದವರ ಪಟ್ಟಿ, ಯಾವುದನ್ನೂ ಬಿಡಲಿಲ್ಲ. ಷಡ್ಡಕ ಬರೆದದ್ದು ಎರಡೇ ಮಾತು: "ನಮ್ಮೂರ ಆಸ್ಪತ್ರೆಯಲ್ಲಿ ಮೊದಲು ಎರಡು ಪೆನಿಸಿಲಿನ್ ಇಂಜೆಕ್ಷನ್ನಿಗೆ ಮಾಯುತ್ತಿದ್ದ ಗಾಯ ಈಗ ಆರಕ್ಕೂ ಮಾಯುತ್ತಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ."

ಎಲ್ಲ ಗೊತ್ತು ಎಂದವನನ್ನು ಬಿಟ್ಟು, ಗೊತ್ತಿಲ್ಲ ಎಂದವನನ್ನು ಕರೆಸಿಕೊಂಡರು. ಇದಕ್ಕೆ ನ್ಯಾಯ ಅನ್ನುತ್ತೀರಾ?

ಬಸ್ ಸ್ಟ್ಯಾಂಡಿಗೆ ಹೋಗಿ ಅವನ ಟ್ರಂಕನ್ನು ನಾನೇ ಮೇಲಕ್ಕೆ ಎತ್ತಿಕೊಟ್ಟೆ. ಬಾಯಲ್ಲಿ "ಹೋಗಿ ಬಾರಯ್ಯ" ಎಂದೆ. ಮನಸ್ಸಿನಲ್ಲಿ ಕೊರಟಗೆರೆ ದಾಟುವುದರೊಳಗೆ ಬಸ್ಸು ಪಂಕ್ಚರ್ ಆಗಲಿ ಎಂದು ಹರಸಿದೆ. ಆಗಲಿಲ್ಲ. ಆ ದಾರಿಯಲ್ಲಿ ಪಂಕ್ಚರ್ ಆಗದೆ ಬೆಂಗಳೂರು ಮುಟ್ಟಿದ ಬಸ್ಸು ಅದೊಂದೇ ಇರಬೇಕು.

ಆ ರಜದಲ್ಲಿ ನಾವೆಲ್ಲ ಮಾವನ ಮನೆಯಲ್ಲಿದ್ದೆವು. ವಾರಕ್ಕೊಂದು ಕಾರ್ಡು ಬರುತ್ತಿತ್ತು. ನನ್ನ ಗಂಟಲು ದೊಡ್ಡದು ಅಂತ ಓದುವ ಕೆಲಸ ನನಗೇ. ಹೊಟ್ಟೆ ಉರಿಯುವವನ ಕೈಯಲ್ಲೇ ಎಣ್ಣೆ ಹೊಯ್ಯಿಸುವುದೆಂದರೆ ಇದೇ. ಒಂದು ಸಲ ಹೀಗಿತ್ತು: "ನಮ್ಮ ಕಲ್ಚರ್ ಚೆನ್ನಾಗಿ ಬೆಳೆದಿದೆ. ಪೆನಿಸಿಲಿನ್ ಹಾಕಿದರೂ ಸಾಯಲಿಲ್ಲ. ಎಲ್ಲರೂ ನನ್ನನ್ನು ಮೆಚ್ಚಿಕೊಂಡರು."

"ಕಲ್ಚರು ಅಂದ್ರೇನಪ್ಪಾ?" ಎಂದರು ಅತ್ತೆ.

ಬಿಡುತ್ತೇನೆಯೇ? "ಸಂಸ್ಕೃತಿ ಕಣತ್ತೆ. ನಿಮ್ ಕಿರೀ ಅಳಿಯಂಗೆ ಬೆಂಗಳೂರಲ್ಲಿ ಈಗ ಸಂಸ್ಕೃತಿ ಬೆಳೀತೈತಂತೆ. ಇಂಜೆಕ್ಷನ್ ಹಾಕಿದ್ರೂ ಸಾಯ್ಲಿಲ್ವಂತೆ."

ಅತ್ತೆ ಸ್ವಲ್ಪ ಯೋಚಿಸಿ, "ಒಳ್ಳೇದಾಯ್ತು ಬುಡಪ್ಪ. ನಮ್ಮನೆ ಹುಡುಗೀನ ಕಟ್ಕೊಂಡವ್ನೆ, ಅದೆಂಗೆ ಸಾಯ್ತದೆ?" ಎಂದರು. ನಾನು ಎಸೆದ ಕಲ್ಲು ಹೂವಾಗಿ ಅವನ ಕೊರಳಿಗೇ ಬಿತ್ತು.

ಆರು ವಾರ ಕಳೆದು ಬಂದ. ಅವತ್ತು ಅತ್ತೆ ಅವನಿಗಾಗಿ ಹಾಲುಬಾಯಿ ಮಾಡಿದ್ದರು. ತಟ್ಟೆಗೆ ಹೊಯ್ದು, ಆರಿಸಿ, ವಜ್ರದಾಕಾರಕ್ಕೆ ಕೊಯ್ದು ಎಲ್ಲರ ಎಲೆಗೂ ಬಡಿಸಿದ್ದರು. ತಿನ್ನುತ್ತ ಕೂತಾಗ ಮಾವನವರು ಅಲ್ಲೇನು ಮಾಡಿದೆ ಎಂದು ಕೇಳಿದರು.

"ಹಾಲಿಗೆ ಹೆಪ್ಪು ಹಾಕ್ತೀವಲ್ಲ ಮಾವ, ಅದೇ ಕೆಲ್ಸ" ಎಂದ. "ಹಾಲಿನ ಬದ್ಲು ಒಂದು ತಟ್ಟೇಲಿ ಥೇಟ್ ಈ ಹಾಲುಬಾಯಿ ಥರದ್ದೇ ಇರ್ತದೆ. ನಡುಗಿಸಿದ್ರೆ ಹಿಂಗೇ ನಡುಗ್ತದೆ. ಹೆಪ್ಪಿನ ಬದ್ಲು ಅದ್ರ ಮೇಲೆ ರೋಗಿಗಳ ಕೀವು ಸವರ್ತೀವಿ. ಮಾರನೇ ದಿನಕ್ಕೆ ಹಳದಿ ಹಳದಿಯಾಗಿ ಎದ್ದಿರ್ತದೆ, ನೋಡೋಕೆ ಎರಡು ಕಣ್ಣು ಸಾಲದು."

ಪಂಕ್ತಿಯಲ್ಲಿ ಎಲ್ಲರ ಕೈಗಳೂ ನಿಂತವು. ಅವತ್ತು ಹಾಲುಬಾಯಿಯನ್ನು ಪೂರ್ತಿ ತಿಂದವನು ಅವನೊಬ್ಬನೇ. ನನ್ನ ಪಾಲಿನದನ್ನೂ ಸೇರಿಸಿ.

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಬೇಯಿಸಿದ ಆಲೂಗಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಜಗಲಿಯಲ್ಲಿ ಸಾಲಾಗಿ ಇಟ್ಟ. ಹಳ್ಳಿಯಲ್ಲಿ ಆ ಬೆಂಗಳೂರಿನ ತಟ್ಟೆಗಳು ಎಲ್ಲಿ ಸಿಗಬೇಕು, ಕ್ರಿಮಿ ಬೆಳೆಯಲು ಆಲೂಗಡ್ಡೆಯೂ ಆಗುತ್ತದಂತೆ. ಮನೆಮಂದಿಯೆಲ್ಲ ಒಂದೊಂದರ ಮೇಲೆ ಹೆಬ್ಬೆಟ್ಟು ಒತ್ತಬೇಕು. ನಾಲ್ಕು ದಿನ ಮುಚ್ಚಿಟ್ಟರೆ ಯಾರ ಕೈಯಲ್ಲಿ ಎಷ್ಟು ಕ್ರಿಮಿ ಇದೆ ಎಂದು ಗೊತ್ತಾಗುತ್ತದೆ. ನಾವೆಲ್ಲ ಒತ್ತಿದೆವು. ಕೊನೆಗೆ ಇವನು ಒಂದು ಬಿಲ್ಲೆ ಹಿಡಿದು ಮಾವನವರ ಮುಂದೆ ಹೋಗಿ, "ಮಾವ, ನಿಮ್ದೊಂದು ಹೆಬ್ಬೆಟ್ಟು" ಎಂದ.

ನಮ್ಮ ಮಾವನವರು ನಲವತ್ತು ದಾಟಿದ ಮೇಲೆ ಹಟ ಹಿಡಿದು ರುಜು ಹಾಕಲು ಕಲಿತವರು. ಊರವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅವರ ಅಧಿಕಾರ. ಅವರನ್ನೇ ಒತ್ತಿ ಎನ್ನುವುದೇ? ನಾನು ಒಳಗೊಳಗೇ ಕುಣಿದೆ. ಸಂಜೆಯ ಬಸ್ಸಿಗೆ ಇವನ ಟ್ರಂಕು ಹೊರಡುವುದು ಖಂಡಿತ.

"ನಾನು ಹೆಬ್ಬೆಟ್ಟು ಒತ್ತೋನೇನ್ಲಾ?" ಎಂದರು ಮಾವ. "ತತ್ತಾ ಮಸಿ. ನಿನ್ನ ಆಲೂಗಡ್ಡೆ ಮ್ಯಾಲೆ ರುಜು ಹಾಕ್ತೀನಿ."

ಹಾಕಿಯೇ ಬಿಟ್ಟರು. ಇಂಗ್ಲಿಷಿನಲ್ಲಿ.

ನಾಲ್ಕು ದಿನ ಬಿಟ್ಟು ಮುಚ್ಚಳ ತೆಗೆದರೆ ನಮ್ಮೆಲ್ಲರ ಹೆಬ್ಬೆಟ್ಟಿನ ಜಾಗದಲ್ಲೂ ಬಿಳಿ, ಹಳದಿ, ಕೆಂಪು ಗುಳ್ಳೆಗಳು. ನನ್ನದರ ಮೇಲೆ ಎಲ್ಲರಿಗಿಂತ ಹೆಚ್ಚು, ಅದನ್ನು ಇವನು ಎಲ್ಲರಿಗೂ ಎತ್ತಿ ತೋರಿಸಿದ. ಮಾವನವರ ಬಿಲ್ಲೆಯ ಅಂಚಿನಲ್ಲೂ ಬೂಷ್ಟು ಇತ್ತು. ಆದರೆ ರುಜುವಿನ ಸುತ್ತ ಒಂದು ಬೆರಳಗಲ ಜಾಗ ಚೊಕ್ಕಟ ಖಾಲಿ. ಮಸಿಯಲ್ಲಿ ಕ್ರಿಮಿ ಕೊಲ್ಲುವ ಏನೋ ಇರುತ್ತದಂತೆ.

"ನೋಡಿ ಮಾವ, ನಿಮ್ಮ ರುಜು ಹತ್ರ ಒಂದು ಕ್ರಿಮೀನೂ ಸುಳಿದಿಲ್ಲ. ಬೆಂಗಳೂರಲ್ಲಿ ನಾವು ಅಳೆಯೋದು ಇದನ್ನೇ. ಔಷಧಿಯ ಬಿಲ್ಲೆ ಇಡೋದು, ಸುತ್ತ ಎಷ್ಟು ಜಾಗ ಖಾಲಿ ಆಯ್ತು ಅಂತ ನೋಡೋದು. ಖಾಲಿ ಇದ್ರೆ ಔಷಧಿ ಗೆದ್ದಂಗೆ. ಬಿಲ್ಲೆ ಪಕ್ಕದಲ್ಲೇ ಕ್ರಿಮಿ ಬೆಳೆದಿದ್ರೆ ಔಷಧಿ ಸೋತಂಗೆ."

ಮಾವನವರು ಮೀಸೆಯ ಮೇಲೆ ಕೈಯಾಡಿಸಿದರು. "ನನ್ನ ರುಜು ಅಂದ್ರೆ ಅಮಲ್ದಾರ್ರೇ ಎದ್ದು ನಿಲ್ತಿದ್ರು ಕಣ್ಲಾ. ಕ್ರಿಮಿ ಯಾವ ಮೂಲೆ."

ಅವತ್ತು ಮಧ್ಯಾಹ್ನ ತುಪ್ಪದ ಮಿಳ್ಳೆ ನನ್ನ ಎಲೆಯ ಮುಂದೆ ಹಾದು, ಬಗ್ಗದೆ, ನೇರ ಅವನ ಎಲೆಗೆ ಹೋಯಿತು. ನನ್ನ ಅನ್ನ ಒಣಗಿಯೇ ಹೋಯಿತು.

ಇನ್ನು ಸುಮ್ಮನಿರುವುದುಂಟೇ? ಶಾಲೆ ತೆರೆದ ಮೇಲೆ ಹೆಡ್‌ಮಾಸ್ತರು ಊರಿನ ಜನಕ್ಕೆಲ್ಲ ಇವನಿಂದ ಒಂದು ಉಪನ್ಯಾಸ ಏರ್ಪಡಿಸಿದರು. ನನ್ನ ಅಕ್ಷರ ಮುತ್ತಿನಂತಿತ್ತು, ಹಾಗಾಗಿ ಪೋಸ್ಟರು ಬರೆಯುವ ಕೆಲಸ ನನಗೆ ಬಂತು. ವಿಷಯ "ರೋಗಾಣುಗಳ ಪ್ರತಿರೋಧ". ಆಗ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಊರೂರ ಗೋಡೆಗಳ ಮೇಲೆ ಹೊಸದಾಗಿ ಬಂದಿದ್ದ ಕಾಲ. ಅದರ ಪಕ್ಕದಲ್ಲಿ ಬರೆದಿರುತ್ತಿದ್ದ ಒಂದು ಪದವನ್ನು, ಸರ್ಕಾರಿ ಕಾಂಡೋಮಿನ ಹೆಸರನ್ನು, ಗಂಡಸರು ಕದ್ದು ಓದಿಕೊಂಡು, ಓದಿಲ್ಲದವರಂತೆ ನಡೆದುಹೋಗುತ್ತಿದ್ದರು. ನಾನು ರೋಗಾಣುಗಳನ್ನು ಕೈಬಿಟ್ಟೆ. "ಪ್ರತಿ" ಇದ್ದ ಕಡೆ "ನಿ" ಬರೆದೆ. ದಪ್ಪಕ್ಷರದಲ್ಲಿ "ನಿರೋಧ", ಕೆಳಗೆ "ಪ್ರಾತ್ಯಕ್ಷಿಕೆ ಸಹಿತ ಉಪನ್ಯಾಸ, ಪ್ರವೇಶ ಉಚಿತ". ಹತ್ತು ಪ್ರತಿ ಮಾಡಿ ಶಿರಾ, ಪಾವಗಡದ ಬಸ್ ಡ್ರೈವರುಗಳ ಕೈಗೂ ಕೊಟ್ಟೆ.

ಭಾನುವಾರ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ತಲೆಗಳು. ಶಿರಾದ ಜವಳಿ ಅಂಗಡಿ ಸಾಹೇಬರು ಮುಂದಿನ ಬೆಂಚಿನಲ್ಲಿ. ವೈ.ಎನ್.ಹೊಸಕೋಟೆಯಿಂದ ಕಡಲೆಕಾಯಿ ಹೊತ್ತು ತಂದವರು ಮೂಟೆಗಳನ್ನು ಹೊರಗಿಟ್ಟು ಒಳಗೆ ಬಂದಿದ್ದರು. ಹೆಂಗಸರು ಒಬ್ಬರೂ ಇಲ್ಲ. ನಾನು ಹಿಂದಿನ ಬಾಗಿಲ ಹತ್ತಿರ ನಿಂತೆ. ಓಡಿಹೋಗಲು ಅದೇ ಅನುಕೂಲ.

ಇವನಿಗೆ ಏನೂ ಗೊತ್ತಿಲ್ಲ. ಗಂಭೀರವಾಗಿ ಶುರುಮಾಡಿದ. "ಮಹನೀಯರೇ, ನಾವು ಮಾಡೋ ದೊಡ್ಡ ತಪ್ಪು ಏನು? ಒಂದೆರಡು ದಿನ ಉಪಯೋಗಿಸ್ತೀವಿ, ಆಮೇಲೆ ಬಿಟ್ಬಿಡ್ತೀವಿ. ಹಂಗೆ ಮಾಡಬಾರದು. ಡಾಕ್ಟರು ಹೇಳಿದಷ್ಟು ದಿನಾನೂ ಬಿಡದೆ ಉಪಯೋಗಿಸಬೇಕು."

"ದಿನಾಲೂನಾ ಸಾರ್?" ಹಿಂದಿನಿಂದ ಒಬ್ಬ ಕೇಳಿದ.

"ದಿನಾಲೂ. ಒಂದು ದಿನ ತಪ್ಪಿದ್ರೂ ಕೆಟ್ಟಿತು."

"ವಯಸ್ಸಾದೋರಿಗೂವಾ?"

"ವಯಸ್ಸಾದೋರಿಗೆ ಇನ್ನೂ ಮುಖ್ಯ."

ಜವಳಿ ಅಂಗಡಿ ಸಾಹೇಬರು ಕೆಮ್ಮಿ, ಟೋಪಿ ಸರಿಮಾಡಿಕೊಂಡು, "ಮಾಸ್ಟರ್ ಸಾಬ್, ಉಮರ್ ಅರವತ್ತಾದ್ರೂನಾ?" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಹೊಸಕೋಟೆಯವನೊಬ್ಬ ಎದ್ದು, "ಎಪ್ಪುಡು ಚೂಪಿಸ್ತಾರು ಸಾರೂ?" ಎಂದ, ಯಾವಾಗ ತೋರಿಸುತ್ತೀರಿ ಎಂದು.

"ಈಗಲೇ ತೋರಿಸ್ತೀನಿ" ಎಂದು ಇವನು ಜೋಳಿಗೆಗೆ ಕೈಹಾಕಿದ. ಹಿಂದಿನವರು ಬೆಂಚು ಹತ್ತಿ ನಿಂತರು. ಹೊರಗೆ ಬಂದದ್ದು ಬೂಷ್ಟು ಹಿಡಿದ ಆಲೂಗಡ್ಡೆ.

ಗಲಾಟೆ ಆಗುತ್ತದೆ, ಜನ ಎದ್ದು ಬೈಯುತ್ತಾರೆ, ಇವನ ಮಾನ ಕೆರೆಗೆ ಬೀಳುತ್ತದೆ ಎಂದು ಕಾದೆ. ಜನ ಒಂದು ಗಳಿಗೆ ಪೆಚ್ಚಾದರು. ಆಮೇಲೆ ನಗತೊಡಗಿದರು. ಇವನೂ ಯಾಕೆಂದು ತಿಳಿಯದೆ ಅವರ ಜೊತೆ ನಕ್ಕ. ಆ ನಗುವಿನಲ್ಲೇ ಪೂರ್ತಿ ಒಂದು ಗಂಟೆ ಕೂತು ಕೇಳಿದರು. ಅರ್ಧ ಔಷಧಿಗೆ ಬಲಹೀನ ಕ್ರಿಮಿ ಸಾಯುತ್ತದೆ, ಗಟ್ಟಿಯದು ಉಳಿದು ಸಂತಾನ ಬೆಳೆಸುತ್ತದೆ, ಮುಂದಿನ ಸಲ ಔಷಧಿಯೇ ನಾಟುವುದಿಲ್ಲ ಎಂಬುದೆಲ್ಲ ತಲೆಗೆ ಹೋಯಿತು. ಮುಂದಿನ ವಾರ ಆಸ್ಪತ್ರೆಯಲ್ಲಿ ಜನ ಕಾಂಪೌಂಡರನ್ನು, "ಪೂರ್ತಿ ಹಾಕು ಸ್ವಾಮಿ, ಅರ್ಧಂಬರ್ಧ ಬ್ಯಾಡ. ಮೇಷ್ಟ್ರು ಹೇಳವ್ರೆ, ದಿನಾಲೂ" ಎಂದು ಹಿಡಿದುಕೊಂಡರಂತೆ.

ಉಪನ್ಯಾಸ ಮುಗಿಸಿ ಬಂದವನು ನನ್ನ ಕೈಹಿಡಿದು, "ಅಣ್ಣ, ಇಷ್ಟು ಜನ ಬಂದದ್ದು ನಿಮ್ಮ ಪೋಸ್ಟರಿನಿಂದ. ಒಂದಕ್ಷರ ತಪ್ಪಿತ್ತು, ಪರವಾಗಿಲ್ಲ ಬಿಡಿ" ಎಂದ. ಅಂದರೆ ಇವನಿಗೆ ಗೊತ್ತಿತ್ತೋ, ಇಲ್ಲವೋ? ಇವತ್ತಿಗೂ ನನಗೆ ತಿಳಿದಿಲ್ಲ.

ಬೇಸಿಗೆ ಹತ್ತಿರ ಬರುವಾಗ ಹುಡುಗರನ್ನು ಕಟ್ಟಿಕೊಂಡು ಸಿದ್ದರಬೆಟ್ಟಕ್ಕೆ ಹೊರಟ. ಅಲ್ಲಿಯ ಮಣ್ಣಿನಲ್ಲಿ ಹೊಸ ಔಷಧಿ ಕೊಡುವ ಬೂಷ್ಟು ಇರಬಹುದಂತೆ. ಅವನು ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದ. ಬೆಟ್ಟ ಹತ್ತಲು ಬೂಟು ಬೇಕೇನಯ್ಯ ಎಂದು ಹುಡುಗರ ಮುಂದೆ ಹಂಗಿಸಿ, ನಾನು ಬರಿಗಾಲಲ್ಲಿ ಎಲ್ಲರಿಗಿಂತ ಮೊದಲು ಮೇಲೆ ಹತ್ತಿ ನಿಂತೆ. ಅಂಗಾಲಲ್ಲಿ ಒಂದು ಜಾಲಿ ಮುಳ್ಳು ಮುರಿದಿತ್ತು. ಹೇಳಿಕೊಳ್ಳಲಿಲ್ಲ.

ಎಡಗಾಲು ಊದಿತು. ಡಾಕ್ಟರು ಮುಳ್ಳು ಕಿತ್ತು ಏಳು ದಿನ ಪೆನಿಸಿಲಿನ್ ಬರೆದರು. ಎರಡು ದಿನಕ್ಕೆ ನೋವು ಹೋಯಿತು, ನಾನು ಆಸ್ಪತ್ರೆ ಬಿಟ್ಟೆ. ಏಳು ದಿನವೂ ಹೋದರೆ ಷಡ್ಡಕನ ಮಾತು ಕೇಳಿದಂತಾಗುವುದಿಲ್ಲವೇ? ವಾರ ಬಿಟ್ಟು ಮತ್ತೆ ಕೀವು. ಮತ್ತೆ ಎರಡು ದಿನ, ಮತ್ತೆ ಬಿಟ್ಟೆ. ಮೂರನೇ ಸಲ ಪೂರ್ತಿ ಏಳು ದಿನ ಹೋದರೂ ಕಾಲು ಕುಂಬಳಕಾಯಿಯಂತೆಯೇ ಉಳಿಯಿತು. ಜ್ವರ ಹತ್ತಿತು. ಡಾಕ್ಟರು ಮುಖ ಕೆಳಗೆ ಹಾಕಿ, "ಇನ್ನೊಂದು ವಾರ ನೋಡೋಣ ಮೇಷ್ಟ್ರೇ. ಇಲ್ಲಾಂದ್ರೆ ಪಾದ ತೆಗೀಬೇಕಾಗ್ತದೆ" ಎಂದರು.

ಮನೆಗೆ ಬಂದು ಹೆಂಡತಿಗೆ, "ಅವನಿಗೆ ಮಾತ್ರ ಹೇಳಬೇಡ" ಎಂದೆ. ಕಾಲು ಹೋದರೆ ಹೋಗಲಿ. ಅವನ ಪಾಠಕ್ಕೆ ನನ್ನ ಕಾಲೇ ಪ್ರಾತ್ಯಕ್ಷಿಕೆ ಆಗಬಾರದು.

ಅವಳು ಅರ್ಧ ಗಂಟೆಯೊಳಗೆ ತಂಗಿಗೆ ಹೇಳಿದಳು. ಸಂಜೆ ಇವನು ಬಂದ. ಬಂದವನು ಅಯ್ಯೋ ಪಾಪ ಅಂದನೇ? ಇಲ್ಲ. ಪಕ್ಕದ ಮನೆಯವರು ಕಾಫಿಪುಡಿ ಕೇಳುವ ಹಾಗೆ, "ಅಣ್ಣ, ಸ್ವಲ್ಪ ಕೀವು ಕೊಡ್ತೀರಾ?" ಎಂದ. ಕೈಯಲ್ಲಿ ಗಾಜಿನ ನಳಿಕೆ, ಹತ್ತಿ ಸುತ್ತಿದ ಕಡ್ಡಿ.

"ಎಲ್ಲಿಗಯ್ಯಾ?"

"ಬೆಂಗಳೂರಿಗೆ. ಯಾವ ಔಷಧಿ ನಾಟ್ತದೆ ಅಂತ ಅಲ್ಲಿ ನೋಡಬೋದು."

ಎರಡನೇ ಬೇಸಿಗೆಗೂ ಅವನನ್ನೇ ಕರೆದಿದ್ದರು. ನಾನು ಈ ಸಲ ಐದು ಪುಟದ ಅರ್ಜಿ ಹಾಕಿದ್ದೆ, ಉತ್ತರವೂ ಬಂದಿರಲಿಲ್ಲ. ಕೀವು ಅರ್ಜಿಯಿಲ್ಲದೆ ಆಯ್ಕೆಯಾಯಿತು. ನೂರಾಮೂರು ಡಿಗ್ರಿ ಜ್ವರದಲ್ಲಿ ಮಲಗಿ ನಾನು ನನ್ನ ಕೀವಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಅದು ನೋಡುವ ಸೂಕ್ಷ್ಮದರ್ಶಕವನ್ನು ನಾನು ನೋಡಲಿಲ್ಲವಲ್ಲ!

ಹೊರಡಲು ಇನ್ನೂ ನಾಲ್ಕು ದಿನ ಇದ್ದರೂ ಅವನು ಮಾರನೇ ಬೆಳಿಗ್ಗೆಯ ಮೊದಲ ಬಸ್ಸಿಗೇ ಹೋದ. ನಳಿಕೆಯನ್ನು ಟ್ರಂಕಿನಲ್ಲಿಡದೆ ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದಿದ್ದನಂತೆ. ನಾಲ್ಕನೇ ದಿನ ಡಾಕ್ಟರಿಗೆ ತಂತಿ ಬಂತು. ಒಂದು ಔಷಧಿಯ ಹೆಸರು, ಎಷ್ಟು ದಿನ ಎಂದು, ಅಷ್ಟೇ. ತುಮಕೂರಿನಿಂದ ಮಾತ್ರೆ ತರಿಸಿದರು. ನನ್ನ ಹೆಂಡತಿ ಹೊತ್ತುಹೊತ್ತಿಗೆ ಎದುರು ನಿಂತು ನುಂಗಿಸಿದಳು. ನೋವು ಪೂರ್ತಿ ಹೋದ ಮೇಲೂ ಬಿಡದೆ, ಕೊನೆಯ ಮಾತ್ರೆಯವರೆಗೂ. ಊತ ಇಳಿಯಿತು. ಪಾದ ಉಳಿಯಿತು.

ನನಗೆ ಸಂತೋಷವಾಯಿತು ಎಂದುಕೊಂಡಿರಾ? ಇನ್ನು ಸಾಯುವವರೆಗೂ ಇವನ ಮುಂದೆ ನಾನು ಕಾಲೂರಿ ನಡೆಯುವುದೆಲ್ಲ ಇವನ ಪ್ರಚಾರವೇ ಅಲ್ಲವೇ? ಒಂದಾದರೂ ತಪ್ಪು ಹಿಡಿಯಬೇಕು. ಅವನ ಕೆಲಸದಲ್ಲಿ ಒಂದು ತಪ್ಪು ಸಿಕ್ಕರೆ ಸಾಕು, ಮತ್ತೆ ನಾನು ಸೀನಿಯರ್.

ಆರು ವಾರ ಮುಗಿಸಿ ಬಂದವನು ಬಸ್ಸಿಳಿದು ನೇರ ನಮ್ಮ ಮನೆಗೇ ಬಂದ. ಟ್ರಂಕಿಟ್ಟು ಬಚ್ಚಲಿಗೆ ಹೋದ. ನಾನು ಟ್ರಂಕು ತೆಗೆದೆ. ಮೇಲೆಯೇ ಪ್ರಯೋಗದ ನೋಟ್‌ಬುಕ್ಕು. ಹುಡುಗರಿಗೆ ಪಾಠ ಮಾಡಬೇಕೆಂದು ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದ. ಹಾಳೆ ತಿರುವಿದೆ. "ಅಣ್ಣನ ಎಡಗಾಲು" ಎಂದು ತಲೆಬರಹ. ಕೆಳಗೆ ಒಂದೊಂದು ಔಷಧಿಯ ಮುಂದೂ ಕ್ರಿಮಿ ಏನಾಯಿತೆಂದು ಬರೆದಿದ್ದ.

ಪೆನಿಸಿಲಿನ್: ಬದುಕಿದೆ.
ಸಲ್ಫಾ: ಬದುಕಿದೆ.
ಸ್ಟ್ರೆಪ್ಟೊಮೈಸಿನ್: ಬದುಕಿದೆ.
ಟೆಟ್ರಾಸೈಕ್ಲಿನ್: ಬಿಲ್ಲೆಯ ಸುತ್ತ ಖಾಲಿ. ಒಂದೂ ಇಲ್ಲ. ಬದುಕಿದೆ.

ಸಿಕ್ಕಿಬಿದ್ದ! ಒಂದೂ ಇಲ್ಲದ ಮೇಲೆ ಬದುಕಿರುವುದು ಯಾವುದು? ಸತ್ತ ಕ್ರಿಮಿಯ ಮುಂದೆ "ಬದುಕಿದೆ" ಎಂದು ಬರೆಯುವವನು ವಿಜ್ಞಾನದ ಮೇಷ್ಟ್ರೇ? ಎರಡು ಬೇಸಿಗೆ ಬೆಂಗಳೂರಲ್ಲಿ ಕಲಿತದ್ದು ಇದನ್ನೇ? "ತಪ್ಪು ಮಾಡವ್ನೆ ಕಣೇ, ತಪ್ಪು ಮಾಡವ್ನೆ" ಎಂದು ಮನೆಯೆಲ್ಲ ಕೇಳುವಂತೆ ಕೂಗಿ ಹೆಂಡತಿಯನ್ನು ಕರೆದೆ.

ಅವಳು ಸೀರೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಅಲ್ಲಿ ಪೆನ್ನು ಒತ್ತಿ ಒತ್ತಿ ಕಾಗದ ತೂತಾಗಿತ್ತು.

"ಇದು ಕ್ರಿಮಿ ವಿಷ್ಯ ಅಲ್ಲ ಕಣ್ರೀ" ಎಂದಳು.

"ಮತ್ತೆ?"

"ನಾವು ಅನ್ನಲ್ವಾ, ಬಾವಿಗೆ ಬೀಳೋ ಮಗ ಕಟ್ಟೆ ಹಿಡ್ಕೊಂಡ್ರೆ, 'ಅಬ್ಬಾ, ಬದುಕಿದೆ' ಅಂತ. ಅವ್ನು ತನ್ನ ವಿಷ್ಯ ಬರ್ಕೊಂಡವ್ನೆ."

ನಾನು ಮತ್ತೆ ನೋಡಿದೆ. ಮೇಲಿನ ಮೂರು "ಬದುಕಿದೆ"ಗಳೂ ನೆಟ್ಟಗಿದ್ದವು. ನಾಲ್ಕನೆಯದು ಸಾಲು ಬಿಟ್ಟು ಕೆಳಗಿಳಿದಿತ್ತು.

ಬಚ್ಚಲಿಂದ ತಲೆ ಒರೆಸಿಕೊಳ್ಳುತ್ತ ಬಂದ. "ಏನೋ ತಪ್ಪು ಅಂತ ಕೂಗಿದ್ರಲ್ಲ ಅಣ್ಣ?"

ಜೇಬಿನಲ್ಲಿದ್ದ ಕೆಂಪು ಇಂಕಿನ ಪೆನ್ನು ತೆಗೆದು ನಾನು ಆ ಪದದ ಪಕ್ಕ ರೈಟು ಹಾಕುತ್ತಿದ್ದೆ. ನನ್ನ ಸರ್ವೀಸಿನಲ್ಲಿ ಯಾವ ಹುಡುಗನಿಗೂ ಅಷ್ಟು ದೊಡ್ಡ ರೈಟು ಹಾಕಿರಲಿಲ್ಲ. "ಏನಿಲ್ಲ ಕಣಯ್ಯ. ಸರಿಯಾಗೇ ಬರೆದಿದ್ದೀಯ."

ಅವನು ಪುಸ್ತಕದ ಕಡೆ ನೋಡಲೂ ಇಲ್ಲ. ಟವಲನ್ನು ಹೆಗಲಿಗೆ ಹಾಕಿಕೊಂಡು ನೆಲದ ಮೇಲೆ ಕೂತ. ನನ್ನ ಎಡಗಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಗಾಯ ಮಾಯ್ದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ.

"ನೋವಿದ್ಯಾ?"

"ಇಲ್ಲ" ಎಂದೆ.

ಆದರೂ ಅವನು ಕಾಲು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.